ಅಳಿವೆಯ ಕಾಣದ ಬೆಳೆ

ಕೋಟದಿಂದ ಕಡಲಂಚು ಹಿಡಿದು ದಕ್ಷಿಣಕ್ಕೆ ಹೋದರೆ ಕೋಡಿ ಬೆಂಗ್ರೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಕಿರಿದಾದ ಮರಳ ಪಟ್ಟಿ. ಆ ಪಟ್ಟಿ ಮುಗಿಯುವಲ್ಲಿ ಸೀತಾ, ಸ್ವರ್ಣಾ ನದಿಗಳು ಕೂಡಿ ಅರಬಿ ಸಮುದ್ರ ಸೇರುತ್ತವೆ. ಅಲ್ಲಿನ ಒಂದು ಬೊಗಸೆ ನೀರೆತ್ತಿ ನೋಡಿ, ಏನೂ ಕಾಣದು. ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಟ್ಟರೆ ಗಾಜಿನ ಡಬ್ಬಿ, ಸೂಜಿ, ಸರಪಳಿಗಳಂಥ ಆಕೃತಿಗಳು ಕಂಡಾವು. ಇವೇ ಸಸ್ಯಪ್ಲವಕಗಳು. ಬೇರಿಲ್ಲ, ಎಲೆಯಿಲ್ಲ, ನೀರು ಒಯ್ದತ್ತ ತೇಲುತ್ತ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುತ್ತವೆ. ಬೂತಾಯಿಗೂ ಮರುವಾಯಿಗೂ ಇವೇ ಮೇವು.

ಗದ್ದೆಯಂತೆ ಅಳಿವೆಯಲ್ಲೂ ಋತುವಿಗೊಂದು ಬೆಳೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಭರತದ ನೀರು ಈ ಉಪ್ಪನ್ನು ಬಹಳ ಒಳಗಿನವರೆಗೂ ಒಯ್ಯುತ್ತದೆ. ಕಡಲಿನ ಜಾತಿಗಳೂ ಜೊತೆಗೇ ಬರುತ್ತವೆ. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಬಂತೆಂದರೆ ಮೇಲೆ ಸಿಹಿನೀರು, ಅದಕ್ಕಿಂತ ಭಾರವಾದ ಉಪ್ಪುನೀರು ತಳದಲ್ಲಿ. ಆಗ ಮೇಲ್ಪದರದಲ್ಲಿ ಕೆರೆ, ತೊರೆಗಳ ಹಸಿರು ಪಾಚಿಯ ಜಾತಿಗಳು ಕಾಣಿಸಿಕೊಳ್ಳುತ್ತವೆ.

ಮಳೆನೀರು ಗೊಬ್ಬರವನ್ನೂ ಹೊತ್ತು ತರುತ್ತದೆ: ಗದ್ದೆ, ತೋಟಗಳ ಸಾರಜನಕ, ರಂಜಕ, ಕಲ್ಲು, ಮಣ್ಣುಗಳಿಂದ ಕರಗಿದ ಸಿಲಿಕ. ಹಾಗಿದ್ದರೆ ಆಷಾಢದಲ್ಲೇ ಬಂಪರ್ ಬೆಳೆ ಬರಬೇಕಲ್ಲವೇ? ಬರುವುದಿಲ್ಲ. ಕೆಂಪು ನೀರಿನೊಳಗೆ ಬಿಸಿಲು ಇಳಿಯದು, ಹುಟ್ಟಿದ್ದನ್ನು ನೆರೆ ಕಡಲಿಗೆ ನೂಕುತ್ತದೆ. ಎಲೆ ತುಂಬ ಬಡಿಸಿ ದೀಪ ಆರಿಸಿದಂತೆ! ಮಳೆ ಹಿಂದಾಗಿ ಕೆಸರು ತಳ ಸೇರಿ ನೀರು ತಿಳಿಯಾದಾಗಲೇ ಡಯಾಟಮ್‌ಗಳಿಗೆ ಸುಗ್ಗಿ. ಅವುಗಳ ಗಾಜಿನಂಥ ಕವಚ ಹೊಳೆ ತಂದ ಸಿಲಿಕದಿಂದಲೇ ಆದದ್ದು. ಕುಂದಾಪುರದ ಪಂಚಗಂಗಾವಳಿಯಲ್ಲೂ ನಡೆಯುವುದು ಇದೇ.

ಋತುವಿನ ಮಾತು ಹಾಗಿರಲಿ, ಒಂದೇ ದಿನದಲ್ಲೂ ನೀರು ಬೇರೆಯಾಗುತ್ತದೆ. ಭರತದಲ್ಲಿ ತುಂಬಿದ ಬಾಟಲಿಯದು ಕಡಲು, ಅದೇ ಜಾಗದಲ್ಲಿ ಇಳಿತದಲ್ಲಿ ತುಂಬಿದ್ದು ಹೊಳೆ. ವಿಜ್ಞಾನ ಪ್ರದರ್ಶನಕ್ಕೆ ನೀರು ತರುವ ವಿದ್ಯಾರ್ಥಿಗಳು ಬಾಟಲಿಯ ಮೇಲೆ ತಾರೀಕಿನ ಜೊತೆ ಗಂಟೆಯನ್ನೂ, ಭರತವೋ ಇಳಿತವೋ ಎಂಬುದನ್ನೂ ಬರೆಯದಿದ್ದರೆ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆ.

ಈ ಬೆಳೆಯಲ್ಲಿ ವಿಷದ ಕಳೆಯೂ ಉಂಟು. ನೀರು ಬೆಚ್ಚಗಾಗಿ, ಕಲಕದೆ ನಿಂತು, ಸಿಲಿಕ ಕಡಿಮೆಯಾದಾಗ ಡಯಾಟಮ್‌ಗಳು ಹಿಂದೆ ಬಿದ್ದು ಡೈನೋಫ್ಲಾಜೆಲೇಟ್ ಎಂಬ ಗುಂಪು ಮುಂದೆ ಬರಬಹುದು. ಬಾಲದಂಥ ಎರಡು ಎಳೆಗಳಿಂದ ಈಜಬಲ್ಲ ಇವುಗಳಲ್ಲಿ ಕೆಲವು ಜಾತಿಗಳು ನರಗಳನ್ನು ಮರಗಟ್ಟಿಸುವ ವಿಷ ತಯಾರಿಸುತ್ತವೆ. ನೀರು ಸೋಸಿ ತಿನ್ನುವ ಮರುವಾಯಿಯ ಮೈಯಲ್ಲಿ ಆ ವಿಷ ಶೇಖರವಾಗುತ್ತದೆ. ಮರುವಾಯಿ ಮಾತ್ರ ಚೆನ್ನಾಗಿಯೇ ಇರುತ್ತದೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಬಾಲಕ ತೀರಿಕೊಂಡ.

ಎಷ್ಟು ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ನೀರಿನ ಬಣ್ಣ ನೋಡಿ ತಿಳಿಯೋಣವೆಂದರೆ ಅದನ್ನೂ ನಂಬುವಂತಿಲ್ಲ: ಕೆಂಪಾದ ನೀರೆಲ್ಲ ವಿಷವಲ್ಲ, ತಿಳಿನೀರೆಲ್ಲ ಸುರಕ್ಷಿತವೂ ಅಲ್ಲ. ಮರುವಾಯಿ ಉಂಡ ಮೇಲೆ ಯಾರಿಗಾದರೂ ತುಟಿ, ನಾಲಿಗೆ ಜುಮುಗುಟ್ಟಿ ಮರಗಟ್ಟಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಏನು ತಿಂದದ್ದೆಂದು ವೈದ್ಯರಿಗೆ ಮೊದಲೇ ಹೇಳಬೇಕು.