ತೊಟ್ಟಿಲ ಬಿಲ್ಲುಗಾರ

ಎರಡು ತಿಂಗಳ ಕೂಸು ತೊಟ್ಟಿಲಲ್ಲಿ ಅಂಗಾತ ಮಲಗಿ ಬಲಕ್ಕೆ ಮುಖ ಹೊರಳಿಸಿದರೆ ಬಲಗೈ ನೀಳವಾಗಿ ಚಾಚಿಕೊಳ್ಳುವುದುಂಟು; ಎಡಗೈ ಮಡಿಸಿಕೊಂಡು ತಲೆಯ ಬಳಿಗೆ ಸರಿಯುತ್ತದೆ. ಹೆದೆ ಸೆಳೆದು ನಿಂತ ಬಿಲ್ಲುಗಾರನದೇ ಭಂಗಿ! ಮುಖ ಎಡಕ್ಕೆ ಹೊರಳಿದರೆ ಬಿಲ್ಲು ಎಡಗೈಗೆ ಬರುತ್ತದೆ. ಕೂಸು ಬೇಕೆಂದು ಮಾಡುವ ಕೆಲಸ ಇದಲ್ಲ. ಕತ್ತಿನ ತಿರುವಿಗೆ ಕೈಕಾಲುಗಳು ತಾವಾಗಿ ಓಗೊಡುವ ಈ ಬಗೆಯನ್ನು ಪರಾವರ್ತಿತ ಕ್ರಿಯೆ ಎನ್ನುತ್ತಾರೆ.

ಹಸುಗೂಸಿಗೆ ಇಂಥವು ಇನ್ನೂ ಹಲವುಂಟು. ಅಂಗೈಗೆ ಬೆರಳು ಸೋಕಿದರೆ ಮುಷ್ಟಿ ಬಿಗಿಯುತ್ತದೆ. ಕೆನ್ನೆ ಸವರಿದರೆ ಬಾಯಿ ಆ ಕಡೆಗೆ ತಿರುಗಿ ಮೊಲೆಯನ್ನು ಅರಸುತ್ತದೆ. ತಲೆಯ ಆಸರೆ ಥಟ್ಟನೆ ತಪ್ಪಿದರೆ ತೋಳುಗಳು ಅಗಲವಾಗಿ ತೆರೆದು, ಯಾರನ್ನೋ ಅಪ್ಪಿಕೊಳ್ಳುವಂತೆ ಮರಳಿ ಕೂಡುತ್ತವೆ. ಈ ಕೊನೆಯದನ್ನು 1918ರಲ್ಲಿ ವರ್ಣಿಸಿದ ಜರ್ಮನಿಯ ಹೈಡೆಲ್‌ಬರ್ಗಿನ ಮಕ್ಕಳ ವೈದ್ಯ ಅರ್ನ್ಸ್ಟ್ ಮೊರೊ ಅವರ ಹೆಸರೇ ಅದಕ್ಕೆ ಉಳಿದಿದೆ.

ಸುಮಾರು ಆರು ತಿಂಗಳ ಹೊತ್ತಿಗೆ ಇವೆಲ್ಲ ಮರೆಯಾಗುತ್ತವೆ. ಮರೆಯಾದರೂ ಅಳಿಯುವುದಿಲ್ಲ, ಮಿದುಳಿನ ಮೇಲ್ಪದರ ಬಲಿತಂತೆ ಅವುಗಳಿಗೆ ಕಡಿವಾಣ ಬೀಳುತ್ತದೆ. ಹಾಲೆಂಡಿನ ಉಟ್ರೆಕ್ಟಿನಲ್ಲಿ ಮಾಗ್ನಸ್ ಮತ್ತು ಡಿ ಕ್ಲೈನ್ ಎಂಬ ವಿಜ್ಞಾನಿಗಳು, ಮೇಲ್ಮಿದುಳಿನ ಸಂಪರ್ಕ ಕಡಿದ ಪ್ರಾಣಿಗಳಲ್ಲಿ ತಲೆ ಹೊರಳಿದಂತೆ ಕಾಲುಗಳ ಬಿಗಿತ ಬದಲಾಗುವುದನ್ನು 1912ರಲ್ಲಿ ವಿವರಿಸಿದರು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದ ಹಿರಿಯರಲ್ಲಿಯೂ ಶೈಶವದ ಆ ಮುಷ್ಟಿ ಮರಳಿ ಬರುವುದುಂಟು.

ಕಡಿವಾಣ ಬೀಳದೆ ಹೋದರೆ? ಎಳೆಯ ಮಿದುಳಿಗೆ ಆದ ಹಾನಿಯಿಂದ ಬರುವ ಸೆರೆಬ್ರಲ್ ಪಾಲ್ಸಿಯಲ್ಲಿ ಕೆಲವು ಮಕ್ಕಳ ಪಾಡು ಹೀಗೆಯೇ. ಕೈಯಲ್ಲಿಯ ತುತ್ತನ್ನು ನೋಡಲೆಂದು ಮಗು ಮುಖ ತಿರುಗಿಸಿದೊಡನೆ ತೋಳು ಚಾಚಿಕೊಂಡು ತುತ್ತು ಬಾಯಿಂದ ದೂರವಾಗುತ್ತದೆ. ಮಗ್ಗುಲಾಗುವುದು, ಎರಡು ಕೈಗಳನ್ನು ಎದೆಯ ಮುಂದೆ ಕೂಡಿಸುವುದು ಕೂಡ ಕಷ್ಟ. ಇದನ್ನು ಹಟವೆಂದು ಗದರಿಸುವುದು ಅನ್ಯಾಯ. ತಟ್ಟೆಯನ್ನು ನೇರ ಎದುರಿಗಿಟ್ಟು, ತಿನ್ನಿಸುವವರೂ ಎದುರಿಗೇ ಕುಳಿತರೆ ತಲೆ ನಡುವೆ ನಿಂತು ಊಟ ಸುಲಭವಾಗುತ್ತದೆ.

ಓದಿನಲ್ಲಿ ಹಿಂದುಳಿದ ಶಾಲಾಮಕ್ಕಳಲ್ಲಿಯೂ ಈ ಕ್ರಿಯೆಯ ಸೂಕ್ಷ್ಮ ಕುರುಹು ಕಂಡುದುಂಟು. ಬೆಲ್‌ಫಾಸ್ಟಿನ ಸಂಶೋಧಕರು ಅಂಥ 60 ಮಕ್ಕಳ ಮೇಲೆ ನಡೆಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಶೈಶವದ ಚಲನೆಗಳನ್ನು ಅನುಕರಿಸುವ ವ್ಯಾಯಾಮ ಮಾಡಿದವರು ಉಳಿದವರಿಗಿಂತ ಓದಿನಲ್ಲಿ ಮುಂದೆ ಬಂದರು. ಆದರೆ ಇಷ್ಟು ಚಿಕ್ಕ ಪ್ರಯೋಗವೊಂದನ್ನು ನೆಚ್ಚಿ, ಓದು ಬಾರದುದಕ್ಕೆಲ್ಲ ಕತ್ತೇ ಕಾರಣವೆಂದು ಹಣ ತೆತ್ತು ವ್ಯಾಯಾಮ ಕೊಳ್ಳುವುದು ವಿವೇಕವಲ್ಲ. ಕಣ್ಣು, ಕಿವಿಗಳ ಪರೀಕ್ಷೆಯೂ, ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ತಾಳ್ಮೆಯಿಂದ ಕಲಿಸುವ ಪಾಠವೂ ಮೊದಲು ನಡೆಯಬೇಕು.

ತಾಯಂದಿರು ಗಮನಿಸಬೇಕಾದುದು ಇಷ್ಟು. ಆರೋಗ್ಯವಂತ ಕೂಸು ಬಿಲ್ಲಿನ ಭಂಗಿಯಿಂದ ತಾನೇ ಬಿಡಿಸಿಕೊಳ್ಳಬಲ್ಲದು. ಅದರಲ್ಲಿಯೇ ಸಿಕ್ಕಿಕೊಂಡು ಚಡಪಡಿಸಿದರೆ, ಆರು ತಿಂಗಳು ಕಳೆದರೂ ಬಿಲ್ಲು ಇಳಿಯದಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಬೇಕು. 'ನಿಧಾನದ ಮಗು, ತಾನೇ ಸರಿಹೋದೀತು' ಎಂದು ವರ್ಷಗಟ್ಟಲೆ ಕಾದು ಕೂತರೆ, ಎಳೆಯ ಮಿದುಳು ಬೇಗ ಕಲಿಯುವ ಕಾಲವೇ ಕೈಜಾರುತ್ತದೆ.