ಎಣ್ಣೆ ಹಚ್ಚಿದರೂ ತುಕ್ಕೇಕೆ?

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡಗಿನ ಮನೆಗಳಲ್ಲಿ ಕೈಲ್ ಪೊಳ್ದ್ ಹಬ್ಬ. ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ನಮ್ಮ ಮುಡುಕುತೊರೆ ಕಡೆ ಆಯುಧಪೂಜೆಗೆ ಕುಡುಗೋಲು, ನೇಗಿಲು, ಪಂಪ್‌ಸೆಟ್‌ಗಳನ್ನು ತೊಳೆದು ಕುಂಕುಮ ಇಡುವಂತೆಯೇ ಇದು. ಆದರೆ ಶುಚಿ ಎಂದರೆ ಬರೀ ಎಣ್ಣೆ ಬಳಿಯುವುದೇ? ಹಳೆಯ ಅರೆ-ಸ್ವಯಂಚಾಲಿತ ಬೇಟೆ ಬಂದೂಕು ಇದಕ್ಕೆ ಒಳ್ಳೆಯ ಪಾಠ.

ಜೋಡಿನಳಿಗೆ ಕೋವಿಗೆ ತೋಟಾ ತುಂಬುವುದು ಕೈಯ ಕೆಲಸ. ಅರೆ-ಸ್ವಯಂಚಾಲಿತ ಬಂದೂಕಿನಲ್ಲಿ ಮುಂದಿನ ತೋಟಾವನ್ನು ಹಿಂದಿನ ಗುಂಡಿನ ಶಕ್ತಿಯೇ ತುಂಬುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ, 1906ರಲ್ಲಿ ಮಾರಾಟಕ್ಕೆ ಬಂದ ರೆಮಿಂಗ್ಟನ್ ಮಾದರಿ 8ನ್ನು ನೋಡಿ. ಗುಂಡು ಮುಂದೆ ಹಾರಿದಾಗ ನಳಿಗೆ ಮತ್ತು ಬೋಲ್ಟ್ ಹಿಂದಕ್ಕೆ ಸರಿದು ಸ್ಪ್ರಿಂಗ್‌ಗಳನ್ನು ಒತ್ತುತ್ತವೆ. ಇದೇ ನ್ಯೂಟನ್ನನ ಮೂರನೆಯ ನಿಯಮ. ಸ್ಪ್ರಿಂಗ್ ಮರಳುವಾಗ ಹೊಸ ತೋಟಾ ಒಳಗೆ ಸೇರುತ್ತದೆ. ಮಸಿ, ಒಣಗಿ ಅಂಟಾದ ಎಣ್ಣೆ, ತುಕ್ಕು ಇವು ಘರ್ಷಣೆಯನ್ನು ಹೆಚ್ಚಿಸಿದರೆ ಆ ಶಕ್ತಿ ಸಾಲದು. ತೋಟಾ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ತೋಟಾ ಅಪಾಯಕಾರಿ.

ತುಕ್ಕು ಎಲ್ಲಿಂದ ಬಂತು? ಹಳೆಯ ಕಾಲದ ಅನೇಕ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಇದು ನಮ್ಮ ಅಡುಗೆ ಉಪ್ಪಿನ ಹತ್ತಿರದ ನೆಂಟ. ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಮೇಲೆ ಎಷ್ಟು ಎಣ್ಣೆ ಬಳಿದರೂ ಅದು ಅಡಿಯಲ್ಲೇ ಕೂತಿರುತ್ತದೆ. ಆದ್ದರಿಂದ ಇಂಥ ತೋಟಾ ಬಳಸಿದ ನಳಿಗೆಯನ್ನು ಮೊದಲು ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ ಸವರುವುದು ಸರಿಯಾದ ಕ್ರಮ. ಎಣ್ಣೆ ಹೆಚ್ಚಾದರೂ ಕಷ್ಟವೇ. ತಲಕಾಡಿನ ನುಣುಪು ಮರಳು ಅದಕ್ಕೆ ಅಂಟಿದರೆ ಸಾಣೆ ಹಿಡಿದಂತೆ ಲೋಹ ಸವೆಯುತ್ತದೆ. ಸೋತ ಸ್ಪ್ರಿಂಗನ್ನು ಪರವಾನಗಿ ಇರುವ ಕುಶಲಕರ್ಮಿಯೇ ಬದಲಿಸಬೇಕು.

ಪೋಷಕರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ವಿನಾಯಿತಿ ಇದ್ದರೂ ಜವಾಬ್ದಾರಿಗೆ ವಿನಾಯಿತಿ ಇಲ್ಲ. ಶುಚಿ ಮಾಡುವ ಮೊದಲು ತೋಟಾ ತೆಗೆದು, ಕೋಶ ಖಾಲಿಯೇ ಎಂದು ಎರಡು ಬಾರಿ ನೋಡಬೇಕು; ತೋಟಾಗಳನ್ನು ಬೇರೆಡೆ ಬೀಗ ಹಾಕಿಡಬೇಕು. ಮಕ್ಕಳು ಕೋವಿ ಮುಟ್ಟುವುದು ಬೇಡ.

ಮಕ್ಕಳೇ, ನಿಮಗೆ ಎರಡು ಕಬ್ಬಿಣದ ಮೊಳೆ ಸಾಕು. ಎರಡನ್ನೂ ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ. ಒಂದಕ್ಕೆ ಹಾಗೆಯೇ ಎಣ್ಣೆ ಹಚ್ಚಿ. ಇನ್ನೊಂದನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಿ ಎಣ್ಣೆ ಹಚ್ಚಿ. ಯಾವುದಕ್ಕೆ ಮೊದಲು ತುಕ್ಕು ಹಿಡಿಯಿತೆಂದು ದಿನಾಂಕ ಸಹಿತ ಬರೆದಿಡಿ. ಮನೆಯ ಸೈಕಲ್ ಚೈನಿಗೂ ಹೊಲಿಗೆ ಯಂತ್ರಕ್ಕೂ ಅದೇ ಉತ್ತರ ಸಲ್ಲುತ್ತದೆ: ಮೊದಲು ಕೊಳೆ ತೆಗೆಯಿರಿ, ಎಣ್ಣೆ ಆಮೇಲೆ.