ಕಲ್ಲಿದ್ದಲು ಮತ್ತು ಕಾರ್ಮಿಕನ ಅನ್ನ

ಪೋಲೆಂಡಿನ ಸಿಲೇಸಿಯಾ ಪ್ರಾಂತ್ಯದ ಕಲ್ಲಿದ್ದಲು ಗಣಿ ಕಾರ್ಮಿಕರು ಪ್ರತಿವರ್ಷ ಡಿಸೆಂಬರ್ 4ರಂದು ತಮ್ಮ ಪಾಲಕಿಯಾದ ಸಂತ ಬಾರ್ಬರಾ ಅವರ ಹಬ್ಬವನ್ನು ಆಚರಿಸುತ್ತಾರೆ. ಅಲ್ಲಿನ ಗಣಿಗಳನ್ನು 2049ರೊಳಗೆ ಹಂತಹಂತವಾಗಿ ಮುಚ್ಚಲು ಸರಕಾರವೂ ಕಾರ್ಮಿಕ ಸಂಘಗಳೂ 2021ರಲ್ಲಿ ಒಪ್ಪಂದ ಮಾಡಿಕೊಂಡವು. ಭೂಗರ್ಭದಲ್ಲಿ ದುಡಿಯುವವರಿಗೆ ನಿವೃತ್ತಿಯವರೆಗೆ ಉದ್ಯೋಗದ ಭರವಸೆ ದೊರೆಯಿತು.

ಈ ಭರವಸೆ ನ್ಯಾಯಸಮ್ಮತವೆಂದು ನಾವು ಭಾವಿಸುತ್ತೇವೆ. ತಲೆಮಾರುಗಳಿಂದ ನಾಡಿಗೆ ಬೆಳಕು ನೀಡಿದವರನ್ನು ಕತ್ತಲೆಗೆ ನೂಕುವುದು ಸಲ್ಲದು. ಆದರೆ ರಕ್ಷಿಸಬೇಕಾದುದು ಕಾರ್ಮಿಕನ ಅನ್ನವನ್ನೇ ಹೊರತು ಕಲ್ಲಿದ್ದಲನ್ನಲ್ಲ. 2015ರಲ್ಲಿ ಆ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಶೇ. 80ಕ್ಕೂ ಹೆಚ್ಚಾಗಿತ್ತು, 2024ರಲ್ಲಿ ಅದು ಶೇ. 60ಕ್ಕಿಂತ ಕೆಳಗಿಳಿಯಿತು. ಗಾಳಿ, ಬಿಸಿಲುಗಳಿಂದ ಹುಟ್ಟುವ ಹೊಸ ಉದ್ಯೋಗಗಳು ಮೊದಲು ಆ ಗಣಿಯೂರುಗಳಿಗೇ ಬರಲಿ. ಆಗ 2049ರವರೆಗೆ ಕಾಯುವ ಅಗತ್ಯವೂ ಇರದು. ತಂದೆಯ ಕೂಲಿಗಾಗಿ ಮಗುವಿನ ಉಸಿರನ್ನು ಒತ್ತೆಯಿಡುವ ಸ್ಥಿತಿ ಯಾವ ಕುಟುಂಬಕ್ಕೂ ಬಾರದಿರಲಿ.